ಸಂಪಾದಕರ ಉತ್ತರ: ಕೈನಡುಕ, ಕಷಾಯ ಮತ್ತು ಮುಪ್ಪಾದ ಕಾವಲು

ಕಟಪಾಡಿಯ ಸೋದರಿಯವರಿಗೆ ವಂದನೆಗಳು.

71 ವರ್ಷದ ತಮ್ಮ ತಂದೆಯವರಿಗೆ ಪಾರ್ಕಿನ್ಸನ್ ಕಾಯಿಲೆಯಿರುವುದನ್ನೂ, ಈ ಮಳೆಗಾಲದ ಜ್ವರದ ಬಳಿಕ ಅವರ ಕೈನಡುಕ ಹೆಚ್ಚಿದ್ದನ್ನೂ ತಿಳಿಸಿ, ರೋಗನಿರೋಧಕ ಶಕ್ತಿ ಕುಂದಿದ್ದರಿಂದಲೇ ಕಾಯಿಲೆ ಬಂತೇ, ಅದನ್ನು ಹೆಚ್ಚಿಸಲು ಅಮೃತಬಳ್ಳಿಯ ಕಷಾಯ ಕೊಡಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಓದಿ ತಿಳಿದಷ್ಟನ್ನು ಬರೆಯುತ್ತೇನೆ.

ಕುಂದುವುದೆಂಬ ಮಾತು ಅರ್ಧ ನಿಜ. ಸೋಂಕಿನೊಡನೆ ಹೋರಾಡುವ ನಮ್ಮ ಬಿಳಿ ರಕ್ತಕಣಗಳಾದ ಟಿ ಜೀವಕೋಶಗಳು ಮನೆಯವರು ಯಾರು, ಹೊರಗಿನವರು ಯಾರು ಎಂಬ ಗುರುತನ್ನು ಕಲಿಯುವುದು ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿಯಲ್ಲಿ. ಹರೆಯ ಬಂದ ಮೇಲೆ ಆ ಗ್ರಂಥಿ ಸೊರಗುತ್ತಾ ಹೋಗಿ, ಮುಪ್ಪಿನ ಹೊತ್ತಿಗೆ ಬಹುಪಾಲು ಕೊಬ್ಬಾಗಿರುತ್ತದೆ. ಹೊಸ ಕೋಶಗಳ ಬರವು ಹೀಗೆ ಇಳಿದಿರುವಾಗಲೇ, ವಯಸ್ಸಾದ ಕೋಶಗಳು ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ಸಣ್ಣಗೆ, ಎಡೆಬಿಡದೆ ಒಸರುತ್ತಿರುತ್ತವೆ. ಅಂದರೆ ಹೊಸ ಸೋಂಕನ್ನು ಎದುರಿಸುವ ಬಲ ತಗ್ಗಿರುತ್ತದೆ, ಒಳಗಿನ ಸಿಡುಕು ಏರಿರುತ್ತದೆ. ಬೂದಿ ಮುಚ್ಚಿದ ಈ ಕೆಂಡಕ್ಕೆ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ದಲ್ಲಿ 'ಇನ್‌ಫ್ಲಮೇಜಿಂಗ್' (ಉರಿಯೂತದ ಮುಪ್ಪು) ಎಂದು ಹೆಸರಿಟ್ಟರು.

ಮೆದುಳಿಗೂ ತನ್ನದೇ ಕಾವಲಿದೆ. ಮೈಕ್ರೋಗ್ಲಿಯಾ ಎಂಬ ಈ ಕೋಶಗಳು ಅಲ್ಲಿನ ಕಸವನ್ನೂ ತೆಗೆಯುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ನರಕೋಶಗಳೊಳಗೆ ಗಂಟುಕಟ್ಟುತ್ತದೆ, ನಡುಮೆದುಳಿನಲ್ಲಿ, ಚಲನೆಯನ್ನು ಹತೋಟಿಯಲ್ಲಿಡಲು ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುತ್ತವೆ. ಮುಪ್ಪಾದ ಮೈಕ್ರೋಗ್ಲಿಯಾ ಈ ಕಸವನ್ನು ಸರಿಯಾಗಿ ತೆಗೆಯಲಾರದೆ ಕೆರಳಿಯೇ ಉಳಿಯುತ್ತದೆ. ತೀರಿಕೊಂಡ ರೋಗಿಗಳ ಮೆದುಳಿನಲ್ಲಿ ಇಂಥ ಕೆರಳಿದ ಕೋಶಗಳಿದ್ದುದನ್ನು ಕೆನಡಾದ ಮೆಕ್‌ಗೀರ್ ದಂಪತಿಯ ತಂಡ 1988ರಲ್ಲೇ ತೋರಿಸಿತ್ತು. ಕೆಲವು ರೋಗಿಗಳ ಟಿ ಜೀವಕೋಶಗಳು ಆಲ್ಫಾ ಸಿನ್ಯೂಕ್ಲಿನ್‌ನ ತುಣುಕುಗಳನ್ನೇ ಹಗೆಯೆಂದು ಗುರುತಿಸುತ್ತವೆ ಎಂಬುದು 2017ರಲ್ಲಿ ಗೊತ್ತಾಯಿತು. ಹಾಗೆಂದು ಕಾಯಿಲೆಗೆ ಇದೊಂದೇ ಮೂಲವೆಂದು ಹೇಳುವಂತಿಲ್ಲ. ಕೆರಳುವಿಕೆಯಿಂದ ಕೋಶಗಳು ಸಾಯುತ್ತವೆ, ಸತ್ತ ಕೋಶಗಳಿಂದ ಕೆರಳುವಿಕೆ ಹೆಚ್ಚುತ್ತದೆ.

ತಮ್ಮ ಪತ್ರದ ಕೊನೆಯಲ್ಲಿ, ಮಾತಿಗೆ ಬಂತೆಂಬಂತೆ, ಒಂದು ವಾಕ್ಯವಿದೆ. ಬೆಳಗ್ಗೆ ಕೊಯ್ದ ಶಂಕರಪುರ ಮಲ್ಲಿಗೆಯ ಚೆಂಡನ್ನು ಮುಖದ ಹತ್ತಿರ ಹಿಡಿದರೂ ತಂದೆಯವರಿಗೆ ಐದಾರು ವರ್ಷಗಳಿಂದ ಪರಿಮಳ ತಿಳಿಯುತ್ತಿರಲಿಲ್ಲವಂತೆ. ಮನೆಯವರು ಅದನ್ನು ನೆಗಡಿಯೆಂದುಕೊಂಡಿದ್ದರಂತೆ. ಇಡೀ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಈ ಮಾತು. ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇವೆಲ್ಲ ನಡುಕಕ್ಕಿಂತ ವರ್ಷಗಳ ಮೊದಲೇ ಬರಬಲ್ಲವು. ಮೂಗು ಮತ್ತು ಕರುಳು ಹೊರಜಗತ್ತನ್ನು ಸದಾ ಎದುರಿಸುವ ಜಾಗಗಳಾದ್ದರಿಂದ, ಕಾಯಿಲೆ ಅಲ್ಲಿಂದಲೇ ಮೆದುಳಿನತ್ತ ಸಾಗುತ್ತದೆಯೇ ಎಂಬ ಊಹೆಯನ್ನು ಜರ್ಮನಿಯ ಹೈಕೊ ಬ್ರಾಕ್ ಮುಂದಿಟ್ಟರು. ಎಲ್ಲ ರೋಗಿಗಳಿಗೂ ಅದು ಹೊಂದುವುದಿಲ್ಲ.

ಇನ್ನು ಕಷಾಯ. ಈಗಾಗಲೇ ಕೆರಳಿರುವ ವ್ಯವಸ್ಥೆಯನ್ನು ಇನ್ನಷ್ಟು ಎಬ್ಬಿಸುವುದರಿಂದ ಈ ಕಾಯಿಲೆಗೆ ಉಪಯೋಗವೆಂಬುದಕ್ಕೆ ಆಧಾರವಿಲ್ಲ. ಮೇಲಾಗಿ ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಪೆಟ್ಟಾದುದನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ನಮ್ಮ ಕಡೆ ಮನೆಮದ್ದಿಗೆ ಬೇಡವೆನ್ನುವುದು ಸುಲಭವಲ್ಲವೆಂದು ಬಲ್ಲೆ, ಆದರೂ ಬೇಡವೆನ್ನುತ್ತೇನೆ.

ಜ್ವರ ಬಂದಾಗ ನಡುಕ ಹೆಚ್ಚುವುದು ಸಾಮಾನ್ಯ, ಸೋಂಕು ಇಳಿದ ಮೇಲೆ ಅದೂ ಹೆಚ್ಚಾಗಿ ತಗ್ಗುತ್ತದೆ. ಇದ್ದಕ್ಕಿದ್ದಂತೆ ನಡಿಗೆ ಕೆಟ್ಟರೆ ಅಥವಾ ಮಾತು ತಡವರಿಸಿದರೆ ಮೂತ್ರದಲ್ಲೋ ಎದೆಯಲ್ಲೋ ಸೋಂಕಿದೆಯೇ ಎಂದು ಪರೀಕ್ಷೆ ಮಾಡಿಸಿರಿ. ಡೋಪಮಿನ್ ಕೊರತೆಯನ್ನು ತುಂಬುವ ಲೆವೊಡೋಪಾ ಮಾತ್ರೆಯ ಹೊತ್ತು ತಪ್ಪಿಸಬೇಡಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ವಿಚಾರವನ್ನು ನರರೋಗ ತಜ್ಞರಲ್ಲಿ ಕೇಳುವಾಗ, ಕಷಾಯವನ್ನು ಈಗಾಗಲೇ ಕೊಟ್ಟಿದ್ದರೆ ಎಷ್ಟು ದಿನ ಕೊಟ್ಟಿರೆಂಬುದನ್ನೂ ಸಂಕೋಚವಿಲ್ಲದೆ ಹೇಳಿಬಿಡಿ.