ಹಳೆ ಕಾರು, ಒಂದೇ ಕಂಪನಿ: ಇದು ನಂಬಿಕೆಯೋ, ಬರೀ ಮೋಹವೋ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಇದೇ ಜಗಳ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆದಿದೆ. ನೀವು ಕೇಳಿದ್ದು ಇಷ್ಟು: ತಂದೆಯವರ 2004ರ ಮಾರುತಿ 800 ಮನೆಯಲ್ಲಿದೆ, ಮಾರೋಣ ಅಂದರೆ ಒಪ್ಪುವುದಿಲ್ಲ, ಹೊಸದು ತಗೊಂಡರೂ ಅದೇ ಕಂಪನಿಯದೇ ಆಗಬೇಕು ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆಯಾ?

ಅರ್ಧ ಇದೆ. ಆದರೆ ಅವರು ಕಂಪನಿಗೆ ಕೊಡುತ್ತಿರುವ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ನಿಮ್ಮೂರಿನ ಮೆಕ್ಯಾನಿಕ್‌ಗೆ ಸೇರಬೇಕಾದ್ದು.

ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪ ಹೈಸ್ಕೂಲ್ ಮೇಷ್ಟ್ರು. 1999ರಲ್ಲಿ ಸಾಲ ಮಾಡಿ ಬಿಳಿ ಮಾರುತಿ 800 ತಂದರು, ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಇರುವ ಹಳೇ ಮಾದರಿ. ಮಳೆಗಾಲದ ಬೆಳಿಗ್ಗೆ ಚೋಕ್ ಎಳೆಯಬೇಕು, ಆಕ್ಸಿಲರೇಟರ್ ಎರಡು ಸಲ ಒತ್ತಬೇಕು, ಆಮೇಲೆ ಕೀ ತಿರುಗಿಸಬೇಕು. ಒಂದು ಸಲ ಜಾಸ್ತಿ ಒತ್ತಿದರೆ ಪೆಟ್ರೋಲ್ ತುಂಬಿಕೊಂಡು ಹತ್ತು ನಿಮಿಷ ಕಾಯಬೇಕು. ಈ ಲೆಕ್ಕ ಅಪ್ಪನಿಗೆ ಮಾತ್ರ ಗೊತ್ತಿತ್ತು. ಹಾಗಾಗಿ ಬಹಳ ವರ್ಷ ಬೇರೆ ಯಾರಿಗೂ ಕೀ ಸಿಗಲಿಲ್ಲ.

ಅವರದೊಂದು ಹಳೇ ಡೈರಿ ಇದೆ. ಡ್ಯಾಶ್‌ಬೋರ್ಡ್ ಖಾನೆಯಲ್ಲೇ ಇರುತ್ತದೆ. ಪ್ರತಿ ರಿಪೇರಿಗೂ ಒಂದು ಸಾಲು: ತಾರೀಕು, ಕಿಲೋಮೀಟರ್, ಏನು ಬದಲಾಯಿಸಿದ್ದು, ಎಷ್ಟು ಕೊಟ್ಟಿದ್ದು. ‘ಆಯಿಲ್, ಪ್ಲಗ್ 3’ ಅಂತ ಎಷ್ಟು ಕಡೆ ಬರೆದಿದ್ದಾರೋ. ಅದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಪ್ಲಗ್ಗೂ ಮೂರೇ. ನಮ್ಮ ಗಾಡಿ ಇಷ್ಟು ವರ್ಷ ಬಾಳಲು ಆ ಡೈರಿಯೇ ದೊಡ್ಡ ಕಾರಣ ಅಂತ ನನಗೆ ಅನ್ನಿಸುತ್ತದೆ. ಪಕ್ಕದ ಬೀದಿಯಲ್ಲಿ ಇದೇ ಕಾರು, ಇದೇ ವರ್ಷದ್ದು, ಹನ್ನೆರಡು ವರ್ಷಕ್ಕೇ ಗುಜರಿಗೆ ಹೋಯಿತು. ಆಯಿಲ್ ಬದಲಿಸುವ ಅಭ್ಯಾಸವೇ ಅವರಿಗೆ ಇರಲಿಲ್ಲ.

2008ರಲ್ಲಿ ನನಗೆ ಬೆಂಗಳೂರಿನಲ್ಲಿ ಕೆಲಸ, ಕೈಯಲ್ಲಿ ಸ್ವಲ್ಪ ದುಡ್ಡು. ಅಪ್ಪನ ಮಾತು ಮೀರಿ ಬೇರೆ ಕಂಪನಿಯ ಕಾರು ತಗೊಂಡೆ. ಹೆಸರು ಬೇಡ. ಓಡಿಸಲು ಬಹಳ ಚೆನ್ನಾಗಿತ್ತು, ಇವತ್ತಿಗೂ ಅಂಥ ಸ್ಟೀರಿಂಗ್ ಕಂಡಿಲ್ಲ. ಆರನೇ ವರ್ಷ ಒಂದು ಎಲೆಕ್ಟ್ರಾನಿಕ್ ಭಾಗ ಹೋಯಿತು. ಅಂಗೈಯಷ್ಟು ಡಬ್ಬಿ. ಅದು ಬರಲು 38 ದಿನ. ಅಷ್ಟು ದಿನ ಕಾರು ಶೆಡ್ಡಿನಲ್ಲಿ, ನಾನು ಬಸ್ಸಿನಲ್ಲಿ. ಅಪ್ಪ ಆಗ ಒಂದೇ ಮಾತು ಅಂದರು: ‘ನಿನ್ನ ಕಾರಿಗೆ ಏನಾಗಿದೆ ಅಂತ ಕಂಪ್ಯೂಟರ್ ಹೇಳ್ಬೇಕು. ನನ್ನದಕ್ಕೆ ನಾನೇ ಹೇಳ್ತೀನಿ.’ ಮರುವರ್ಷ ಸಿಕ್ಕಿದ ರೇಟಿಗೆ ಮಾರಿಬಿಟ್ಟೆ.

ಆ ಕಾರು ಕೆಟ್ಟದ್ದೇನಲ್ಲ. ಕೆಡದೇ ಇರುವುದು ಬೇರೆ, ಕೆಟ್ಟರೆ ಬೇಗ ಸರಿಯಾಗುವುದು ಬೇರೆ. ನಾವು ಎರಡನ್ನೂ ಸೇರಿಸಿ ‘ಒಳ್ಳೇ ಗಾಡಿ’ ಅಂದುಬಿಡುತ್ತೇವೆ. ಅಂಬಾಸಿಡರ್ ಕಾಲದಲ್ಲಿ ಗಾಡಿ ಕೆಡುವುದೇ ಇಲ್ಲ ಅಂತ ಯಾರೂ ನಂಬಿರಲಿಲ್ಲ. ಎಲ್ಲಿ ನಿಂತರೂ ಪಕ್ಕದ ಊರಿನಲ್ಲಿ ಸ್ಪ್ಯಾನರ್ ಹಿಡಿದವನೊಬ್ಬ ಸಿಗುತ್ತಾನೆ ಅಂತ ನಂಬಿದ್ದರು. 2014ರಲ್ಲಿ ಅದು ತಯಾರಾಗುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆ ಬಾಗಿಲು ಹಾಕುವವರೆಗೂ ಅದರ ಬಲ ಅದೇ ಆಗಿತ್ತು.

ನಿಮ್ಮ ತಂದೆಯ 800ಕ್ಕೂ ಅದೇ ಬಲ ಇದೆ. 1983ರ ಡಿಸೆಂಬರ್‌ನಲ್ಲಿ ಶುರುವಾಗಿ 2014ರ ಜನವರಿವರೆಗೆ ಆ ಕಾರು ತಯಾರಾಯಿತು. ಅದೇ 796 ಸಿಸಿ ಎಂಜಿನ್ ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೆ ಬಂತು. ಹಾಗಾಗಿ ಎಂಜಿನ್ ಭಾಗಗಳಿಗೆ ಈಗಲೂ ಅಷ್ಟೊಂದು ಬರವಿಲ್ಲ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ ಹಳೇ ಕ್ಲಚ್ ಪ್ಲೇಟ್ ಕೌಂಟರ್ ಮೇಲೆ ಇಡಿ, ಅಂಗಡಿಯವನು ಮಾದರಿ ಕೇಳದೇ ಒಳಗೆ ಹೋಗುತ್ತಾನೆ.

ಒಂದು ಘಟನೆ ಹೇಳಲೇಬೇಕು. 2011ರ ಏಪ್ರಿಲ್. ಉಡುಪಿಯಲ್ಲಿ ಮದುವೆ ಮುಗಿಸಿ ಅಪ್ಪನ ಕಾರಿನಲ್ಲಿ ವಾಪಸ್ ಬರುತ್ತಿದ್ದೆವು. ಓಡಿಸುತ್ತಿದ್ದವನು ನಾನು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಲು ಶುರು ಮಾಡಿದೆ. ಅಲ್ಲಿ 14 ಹೇರ್‌ಪಿನ್ ತಿರುವು. ಐದೋ ಆರೋ ತಿರುವು ಆಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹತ್ತತೊಡಗಿತು. ಅಪ್ಪ ಹಿಂದಿನಿಂದ ‘ಎಸಿ ಆಫ್ ಮಾಡು, ಹೀಟರ್ ಫುಲ್ ಇಡು’ ಅಂದರು. ಆ ಸೆಕೆಯಲ್ಲಿ ಹೀಟರ್! ಎಂಜಿನ್ನಿನ ಬಿಸಿ ಸ್ವಲ್ಪ ನಮ್ಮ ಮೇಲೆ ಬಂದರೆ ಅದಕ್ಕೆ ಅಷ್ಟು ಕಡಿಮೆಯಾಗುತ್ತದೆ ಅನ್ನುವ ಲೆಕ್ಕ. ಅಮ್ಮನ ರೇಷ್ಮೆ ಸೀರೆಯ ಗತಿ ಕೇಳಬೇಡಿ.

ಸ್ವಲ್ಪ ಜಾಗ ಸಿಕ್ಕ ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆ. ರೇಡಿಯೇಟರ್ ಫ್ಯಾನ್ ತಿರುಗುತ್ತಲೇ ಇಲ್ಲ. ಕ್ಯಾಪ್ ಬಿಚ್ಚಲು ಹೋದವನ ಕೈ ಅಪ್ಪ ಹಿಡಿದುಕೊಂಡರು, ಇಲ್ಲದಿದ್ದರೆ ಬಿಸಿ ನೀರು ಮುಖಕ್ಕೇ ಚಿಮ್ಮುತ್ತಿತ್ತು. ಅಷ್ಟರಲ್ಲಿ ಮೇಲಿಂದ ಬಂದ ಒಂದು ಜೀಪ್ ನಿಂತಿತು. ಡ್ರೈವರ್ ಇಳಿದು ಬಂದ, ಏನೂ ಕೇಳಲಿಲ್ಲ. ಫ್ಯಾನಿಗೆ ಹೋಗುವ ವೈರ್ ಗುಂಟ ಬೆರಳಾಡಿಸಿದ. ಒಂದು ಕಡೆ ಬೆರಳು ನಿಂತಿತು. ‘ಇಲಿ ಮಾರಾಯ್ರೆ’ ಅಂದ. ವೈರಿನ ತುದಿ ಹಲ್ಲಿನಿಂದ ಸುಲಿದು, ಎರಡನ್ನೂ ಸೇರಿಸಿ ತಿರುಚಿ, ಅಮ್ಮನ ಔಷಧಿ ಚೀಲದಲ್ಲಿದ್ದ ಬ್ಯಾಂಡೇಜ್ ಪಟ್ಟಿ ಸುತ್ತಿದ. ಕೀ ಹಾಕಿದೆ. ಫ್ಯಾನ್ ಘುರ್ ಅಂತ ತಿರುಗಿತು. ಅವನು ದುಡ್ಡು ಮುಟ್ಟಲಿಲ್ಲ, ಮದುವೆ ಮನೆಯ ಹೋಳಿಗೆ ಮಾತ್ರ ತಗೊಂಡ.

ತಪ್ಪು ಕಾರಿನದಲ್ಲ, ಮೂರು ವಾರ ಅದನ್ನು ಅಡಿಕೆ ಚೀಲದ ಪಕ್ಕ ನಿಲ್ಲಿಸಿದ ನಮ್ಮದು. ಅಂದಿನಿಂದ ಬಾನೆಟ್ ಒಳಗೆ ಒಂದು ಹೊಗೆಸೊಪ್ಪಿನ ಕಟ್ಟು ಇರುತ್ತದೆ, ಅಜ್ಜಿಯ ಕವಳದ ತಟ್ಟೆಯಿಂದ ಕದ್ದದ್ದು. ಇಲಿ ಬರುವುದು ಕಡಿಮೆಯಾಗಿದೆ. ಅಜ್ಜಿಯ ಬೈಗುಳ ಆಗಿಲ್ಲ.

ಇನ್ನು ಕಂಪನಿ ನಿಷ್ಠೆ. ಇಲ್ಲಿ ನಿಮ್ಮ ತಂದೆಯ ಜೊತೆ ನಾನು ಪೂರ್ತಿ ಒಪ್ಪುವುದಿಲ್ಲ. ಒಂದು ತಮಾಷೆ ನೋಡಿ. 2007ರಿಂದ ಮಾರುತಿಯ ಸ್ವಿಫ್ಟ್ ಡೀಸೆಲ್ ಬಂತು, ಜನ ಮುಗಿಬಿದ್ದು ತಗೊಂಡರು. ಆ 1.3 ಲೀಟರ್ ಡೀಸೆಲ್ ಎಂಜಿನ್ ಮೂಲದಲ್ಲಿ ಇಟಲಿಯ ಫಿಯೆಟ್‌ದು. ಅದೇ ಎಂಜಿನ್ ಟಾಟಾದ ಇಂಡಿಕಾ ವಿಸ್ಟಾದಲ್ಲೂ ಇತ್ತು, ಫಿಯೆಟ್ ಪುಂಟೋದಲ್ಲೂ ಇತ್ತು. ‘ಬೇರೆ ಕಂಪನಿಯದು ಮುಟ್ಟಲ್ಲ’ ಅನ್ನುತ್ತಿದ್ದ ನನ್ನ ಮಾವನೇ ಆ ಎಂಜಿನ್ನನ್ನು ಒಂಬತ್ತು ವರ್ಷ ಖುಷಿಯಿಂದ ಓಡಿಸಿದರು. ನಾನು ಹೇಳಿದಾಗ ನಂಬಲಿಲ್ಲ. ಈಗಲೂ ನಂಬಿಲ್ಲ ಅನ್ನಿ.

ಹಾಗಂತ ನಿಷ್ಠೆ ಪೂರ್ತಿ ಕುರುಡು ಅಂತಲೂ ಅಲ್ಲ. ಬಿಡದಿಯಲ್ಲಿ ತಯಾರಾಗುತ್ತಿದ್ದ ಟೊಯೋಟಾದ ಕ್ವಾಲಿಸ್ 2000ದಲ್ಲಿ ಬಂತು. 2005ರಲ್ಲಿ, ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, ಅದನ್ನು ನಿಲ್ಲಿಸಿ ಅದೇ ಕಂಪನಿಯವರು ಇನ್ನೋವಾ ತಂದರು. ನಮ್ಮೂರ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕ್ವಾಲಿಸ್ ಇದ್ದವರು ಕಣ್ಣು ಮುಚ್ಚಿಕೊಂಡು ಇನ್ನೋವಾಕ್ಕೆ ಹೋದರು. ದಿನಾ ಓಡಿಸಿ ಹೊಟ್ಟೆ ಹೊರೆಯುವವರು ಅವರು. ಒಂದು ದಿನ ಗಾಡಿ ನಿಂತರೆ ಎಷ್ಟು ನಷ್ಟ ಅನ್ನುವ ಲೆಕ್ಕ ಬಾಯಲ್ಲೇ ಇರುತ್ತದೆ. ಅಂಥವರ ನಿಷ್ಠೆಗೆ ನಾನು ಬೆಲೆ ಕೊಡುತ್ತೇನೆ. ಭಾನುವಾರ ಮಾತ್ರ ಕಾರು ತೆಗೆಯುವ ನನ್ನಂಥವರ ನಿಷ್ಠೆಗೆ ಅಷ್ಟು ಬೇಡ.

ಕಂಪನಿಗಳೂ ನಮಗೆ ನಿಷ್ಠರಾಗಿರಬೇಕು ಅಂತೇನಿಲ್ಲ ಅಲ್ವಾ. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆ ಮುಗಿಸುವುದಾಗಿ ಹೇಳಿತು, ಆದರೆ ಸರ್ವಿಸ್ ಮತ್ತು ಬಿಡಿಭಾಗ ಮುಂದುವರಿಸಿತು.

ಈಗ ನಿಮ್ಮ ಗಾಡಿ ವಿಷಯ. ಕರ್ನಾಟಕದಲ್ಲಿ ದೆಹಲಿಯ ಹಾಗೆ ಪೆಟ್ರೋಲ್ ಕಾರಿಗೆ 15 ವರ್ಷ ಆದರೆ ಮುಗಿಯಿತು ಅನ್ನುವ ನಿಯಮ ಇಲ್ಲ. ಮೊದಲ ನೋಂದಣಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಒಗೆ ತೋರಿಸಿ ನವೀಕರಿಸಬೇಕು. ಖರ್ಚು ಮಾತ್ರ ಹಿಂದಿನಂತಿಲ್ಲ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ನಿಮ್ಮದು ಆ ಸಾಲಿಗೆ ಬರುತ್ತದೆ.

ಇನ್ನೊಂದು, ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತದ್ದು. ಹಳೇ ಕಾರಿನ ರಬ್ಬರ್ ಪೈಪು, ವಾಷರ್‌ಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ನಿಧಾನಕ್ಕೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮೆಕ್ಯಾನಿಕ್ ಕಳೆದ ವರ್ಷ ಪೆಟ್ರೋಲ್ ಪೈಪ್ ಪೂರ್ತಿ ಬದಲಿಸಿ, ‘ಮೇಷ್ಟ್ರೇ, ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಬೇಡಿ, ವಾರಕ್ಕೊಮ್ಮೆ ಪೇಟೆಗಾದ್ರೂ ಹೋಗಿ ಬನ್ನಿ’ ಅಂದರು. ಅಪ್ಪನಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ಹೆದ್ದಾರಿಗೆ ಮಾತ್ರ ಅದನ್ನು ತೆಗೆಯಬೇಡಿ. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ತಗಡು ತೆಳು. ನಾನು ನನ್ನ ಮಗಳನ್ನು ಅಪ್ಪನ 800ರಲ್ಲಿ ಊರೊಳಗೆ ಬಿಟ್ಟರೆ ಬೇರೆಲ್ಲೂ ಕರೆದೊಯ್ಯುವುದಿಲ್ಲ. ಅಪ್ಪನಿಗೆ ಇದರಿಂದ ಬೇಜಾರಿದೆ, ಇರಲಿ. ದೂರದ ಓಡಾಟಕ್ಕೆ ಹೊಸದು ತಗೊಳ್ಳುವಾಗ ಕಂಪನಿಯ ಹೆಸರಿಗಿಂತ ಮೊದಲು ನಿಮ್ಮ ಮನೆಯಿಂದ ಸರ್ವಿಸ್ ಸೆಂಟರ್ ಎಷ್ಟು ದೂರ ಅಂತ ನೋಡಿ. ಅಲ್ಲಿಗೆ ಹೋಗಿ ಕಾಯುತ್ತಾ ಕೂತವರನ್ನು ಮಾತಾಡಿಸಿ. ಶೋರೂಮಿನಲ್ಲಿ ಸಿಗದ ಸುದ್ದಿ ಆ ಬೆಂಚಿನ ಮೇಲೆ ಸಿಗುತ್ತದೆ.

ನೀವು ಯಾವ ಊರು ಅಂತ ಬರೆದಿಲ್ಲ. ಕರಾವಳಿಯಾದರೆ ಇವತ್ತೇ ಕಾಲಡಿಯ ಮ್ಯಾಟ್ ಎತ್ತಿ, ತುಕ್ಕು ತಿಂದಿದೆಯಾ ಅಂತ ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಆಯಿಲ್ ಕ್ಯಾಪ್ ತೆಗೆದು ಒಳಗೆ ಮಜ್ಜಿಗೆ ಬಣ್ಣ ಇದೆಯಾ ಅಂತಲೂ ನೋಡಿ, ಇದ್ದರೆ ನೀರು ಸೇರುತ್ತಿದೆ ಅಂತ ಅರ್ಥ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ ಯಾವ ಬಣ್ಣದ್ದು ಬರುತ್ತದೆ? ನೀಲಿಯಾದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಈ ಮೂರನ್ನು ನೋಡಿ ಕೆಳಗೆ ಬರೆಯಿರಿ. ಅಪ್ಪನಿಗೆ ತೋರಿಸುತ್ತೇನೆ, ಅವರು ಡೈರಿ ಹಿಡಿದುಕೊಂಡೇ ಕೂರುತ್ತಾರೆ.