ಓಷನ್ ಬೀಚಿನಲ್ಲಿ ನಾಲ್ಕು ಅಡಿ ಎಂದರೆ ಎಷ್ಟು?

ಮೂಲ್ಕಿಯಲ್ಲಿ ಎರಡು ವರ್ಷ ಸರ್ಫಿಂಗ್ ಕಲಿತು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿದ್ದೀರಿ, ಬರುವ ಶನಿವಾರಕ್ಕೆ ಒಂದು ಆ್ಯಪ್ ಓಷನ್ ಬೀಚಿನಲ್ಲಿ 4 ಅಡಿ, 18 ಸೆಕೆಂಡು (ಅಲೆಯ ಎತ್ತರ, ಮತ್ತು ಒಂದು ಅಲೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಸಮಯ) ಎಂದು ತೋರಿಸಿ ಹಸಿರು ಗುರುತು ಹಾಕಿದೆ, ಯಾವ ಆ್ಯಪನ್ನು ನಂಬಬೇಕು ಎಂದು ಕೇಳಿದ್ದೀರಿ. ಊರಿನ ಹೆಸರಿನಿಂದ ಹಿಡಿದು ಆ ನಾಲ್ಕು ಅಡಿಯವರೆಗೆ ಇದು ನನ್ನದೇ ಕಥೆ. ಆದ್ದರಿಂದ ಆ್ಯಪ್‌ಗಳನ್ನು ಹೋಲಿಸುವ ಕೆಲಸವನ್ನು ಬೇರೆಯವರಿಗೆ ಬಿಡುತ್ತೇನೆ.

ನಾನು ಇಲ್ಲಿಗೆ ಬಂದದ್ದು ಏಳು ವರ್ಷಗಳ ಹಿಂದಿನ ಸೆಪ್ಟೆಂಬರಿನಲ್ಲಿ. ಈ ಕಡಲು ಹೊಸಬರಿಗೆ ಮೋಸ ಮಾಡುವುದೇ ಆ ತಿಂಗಳಲ್ಲಿ. ವರ್ಷದಲ್ಲಿ ನೀರು ಸ್ವಲ್ಪ ಬೆಚ್ಚಗಿರುವ ಕಾಲ ಅದು. ಬೆಚ್ಚಗೆ ಎಂದರೂ 14 ಅಥವಾ 15 ಡಿಗ್ರಿಯಷ್ಟೇ. ಬೆಳಗ್ಗೆ ನೆಲದ ಕಡೆಯಿಂದ ಗಾಳಿ ಬೀಸಿ ಅಲೆಯ ಮುಖವನ್ನು ಗಾಜಿನಂತೆ ನುಣುಪಾಗಿಸುತ್ತದೆ, ಚಳಿಗಾಲದ ಬಿರುಗಾಳಿಗಳು ಇನ್ನೂ ಆರಂಭವಾಗಿರುವುದಿಲ್ಲ. ಬಂದ ಮೊದಲ ಎರಡು ತಿಂಗಳಲ್ಲಿ ಹತ್ತು ಹನ್ನೆರಡು ಬಾರಿ ನೀರಿಗಿಳಿದ ನಾನು, ಸಸಿಹಿತ್ಲಿನ ಅಳಿವೆಯ ಪಕ್ಕ ಮುಂಗಾರಿಗೆ ಮುಂಚಿನ ಅಲೆಗಳನ್ನು ನೋಡಿದವನಿಗೆ ಇದೇನು ಮಹಾ ಎಂದುಕೊಂಡೆ.

ಡಿಸೆಂಬರಿನ ಒಂದು ಬೆಳಗ್ಗೆ ಆರು ಗಂಟೆಗೆ ಫೋನಿನಲ್ಲಿ 46026 ಸಂಖ್ಯೆಯ ಬೂಯಿಯ ವರದಿ ನೋಡಿದೆ. ಇದು ತೀರದಿಂದ 18 ನಾಟಿಕಲ್ ಮೈಲು ಪಶ್ಚಿಮಕ್ಕೆ ಲಂಗರು ಹಾಕಿ ನಿಲ್ಲಿಸಿರುವ ತೇಲುಮಾಪಕ. ಅದರ ಅಂಕಿಗಳನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಹಿಂದಿನ ರಾತ್ರಿ 5 ಅಡಿ, 10 ಸೆಕೆಂಡು ಇದ್ದದ್ದು ಬೆಳಗ್ಗೆ 4 ಅಡಿ, 20 ಸೆಕೆಂಡು ಆಗಿತ್ತು. ಐದು ನಾಲ್ಕಾಗಿದೆ, ಕಡಲು ಇಳಿಯುತ್ತಿದೆ ಎಂದು ಅರ್ಥ ಮಾಡಿಕೊಂಡು ಬೋರ್ಡನ್ನು ಕಾರಿಗೆ ಹಾಕಿದೆ.

ನನ್ನ ತಪ್ಪು ಇಷ್ಟೇ, ಆದರೆ ಅದನ್ನು ಬಿಡಿಸಿ ಹೇಳದೆ ಮುಂದೆ ಹೋಗಲಾರೆ. ಸಾವಿರಾರು ಮೈಲಿ ದೂರದಲ್ಲಿ, ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ದಕ್ಷಿಣಕ್ಕೋ ಜಪಾನಿನ ಪೂರ್ವಕ್ಕೋ ಎದ್ದ ಬಿರುಗಾಳಿ ಎಲ್ಲ ಬಗೆಯ ಅಲೆಗಳನ್ನೂ ಒಟ್ಟಿಗೆ ಹೊರಡಿಸುತ್ತದೆಯಾದರೂ, ಅವು ಒಟ್ಟಿಗೆ ಬಂದು ಮುಟ್ಟುವುದಿಲ್ಲ. ಆಳ ಸಮುದ್ರದಲ್ಲಿ ಅಲೆಗಳ ಗುಂಪು ಗಂಟೆಗೆ ಎಷ್ಟು ನಾಟಿಕಲ್ ಮೈಲು ಸಾಗುತ್ತದೆ ಎಂಬುದು ಸೆಕೆಂಡಿನ ಸಂಖ್ಯೆಯ ಒಂದೂವರೆ ಪಟ್ಟು. ಅಂದರೆ 20 ಸೆಕೆಂಡಿನವು 30 ಮೈಲಿ, 14 ಸೆಕೆಂಡಿನವು 21 ಮೈಲಿ ಸಾಗುತ್ತವೆ. ಎರಡು ಸಾವಿರ ಮೈಲಿ ದೂರದಿಂದ ಮೊದಲನೆಯವು 67 ಗಂಟೆಗಳಲ್ಲಿ ಬಂದರೆ ಎರಡನೆಯವಕ್ಕೆ 95 ಗಂಟೆ ಬೇಕು. ಹೀಗೆ ಮೊದಲು ಬಂದು ತಲಪುವ, ಹೆಚ್ಚು ಸೆಕೆಂಡಿನ ಉದ್ದನೆಯ ಅಲೆಗಳು ಎತ್ತರದಲ್ಲಿ ಸಣ್ಣವು. ಮೆರವಣಿಗೆಯ ಮುಂದೆ ಬರುವ ಡೋಲಿನವರಂತೆ, ತೇರು ಹಿಂದೆ ಇರುತ್ತದೆ. ರಾತ್ರಿ ಹತ್ತಿದ್ದ ಸೆಕೆಂಡು ಬೆಳಗ್ಗೆ ಇಪ್ಪತ್ತಕ್ಕೆ ಜಿಗಿದಿದೆ ಎಂದರೆ ಹಳೆಯ ಸ್ವೆಲ್ (ದೂರದ ಬಿರುಗಾಳಿಯಿಂದ ಬರುವ ಅಲೆಗಳ ಸಾಲು) ಮುಗಿಯುತ್ತಿದೆ, ಹೊಸದೊಂದು ಬಾಗಿಲಿಗೆ ಬಂದಿದೆ ಎಂದರ್ಥ. ನಾನು ಹಳೆಯದರ ಇಳಿತವನ್ನು ಮಾತ್ರ ನೋಡಿದ್ದೆ.

ಎರಡನೆಯ ಮಾತು, ಆ ನಾಲ್ಕು ಅಡಿ ದಡಕ್ಕೆ ಬರುವಾಗ ನಾಲ್ಕು ಅಡಿಯಾಗಿ ಉಳಿಯುವುದಿಲ್ಲ. 8 ಸೆಕೆಂಡಿನ ಅಲೆಯ ಉದ್ದ, ಅಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ ಇರುವ ದೂರ, ಸುಮಾರು ನೂರು ಮೀಟರು, 18 ಸೆಕೆಂಡಿನದು ಐನೂರು ಮೀಟರು. ಉದ್ದದ ಅರ್ಧದಷ್ಟು ಆಳದಲ್ಲಿಯೇ ಅಲೆಗೆ ತಳ ತಾಗಲಾರಂಭಿಸುತ್ತದೆ, ಆಗ ಅದು ನಿಧಾನಗೊಂಡು ಮೇಲೇಳುತ್ತದೆ. ಇಂಜಿನಿಯರುಗಳು ಬಳಸುವ ಸರಳ ಸೂತ್ರದಲ್ಲಿ ಲೆಕ್ಕ ಹಾಕಿದರೆ 8 ಸೆಕೆಂಡಿನ 4 ಅಡಿ ಒಡೆಯುವಾಗ ಐದೂವರೆ ಅಡಿಯಾಗುತ್ತದೆ, 17-18 ಸೆಕೆಂಡಿನ 4 ಅಡಿ ಏಳನ್ನು ದಾಟುತ್ತದೆ. ಅದರ ಮೇಲೆ, ಬೂಯಿ ಹೇಳುವ ಎತ್ತರವು ಎಲ್ಲಕ್ಕಿಂತ ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿಯೇ ಹೊರತು ಅತಿ ದೊಡ್ಡ ಅಲೆಯದ್ದಲ್ಲ. ಒಂಟಿ ಅಲೆಯೊಂದು ಅದರ ಸುಮಾರು ಎರಡರಷ್ಟು ಏಳುವುದುಂಟು. ಇನ್ನು ಇಲ್ಲಿನ ನೆಲದ ವಿಚಾರ. ಗೋಲ್ಡನ್ ಗೇಟ್ ಎಂಬುದು ನಮ್ಮ ಭಾಷೆಯಲ್ಲಿ ಒಂದು ದೈತ್ಯ ಅಳಿವೆ. ಅದರ ಬಾಯಿಯ ಹೊರಗೆ ಕುದುರೆಲಾಳದ ಆಕಾರದ ದೊಡ್ಡ ಮರಳ ದಿಬ್ಬವಿದ್ದು, ಉದ್ದನೆಯ ಅಲೆಗಳು ಅದರ ಮೇಲೆ ಬಾಗಿ ತಮ್ಮ ಶಕ್ತಿಯನ್ನು ಓಷನ್ ಬೀಚಿನ ಕೆಲವು ಕಡೆ ಒಟ್ಟುಗೂಡಿಸುತ್ತವೆ. ಹೀಗಾಗಿ ಐದೂವರೆ ಕಿಲೋಮೀಟರಿನ ಈ ತೀರಕ್ಕೆ ಒಂದೇ ಸಂಖ್ಯೆ ಕೊಡುವ ಯಾವ ಆ್ಯಪೂ, ಅದರ ಲೆಕ್ಕ ಎಷ್ಟೇ ಸರಿಯಾಗಿದ್ದರೂ, ನೀವು ನಿಂತ ಜಾಗದ ಬಗ್ಗೆ ಏನನ್ನೂ ಹೇಳುತ್ತಿರುವುದಿಲ್ಲ.

ಟರವಾಲ್ ಬೀದಿಯ ಕೊನೆಯಲ್ಲಿ ಕಾರು ನಿಲ್ಲಿಸಿ ಐದು ನಿಮಿಷ ನೋಡಿದೆ. ಸೊಂಟದೆತ್ತರದ ಅಲೆಗಳು ಸೋಮಾರಿಯಾಗಿ ಬರುತ್ತಿದ್ದವು. ದೂರದ ಸ್ವೆಲ್‌ನಲ್ಲಿ ಎರಡು ಅಲೆಗುಂಪುಗಳ, ಅಂದರೆ ಸೆಟ್‌ಗಳ ನಡುವೆ ಹದಿನೈದು ಇಪ್ಪತ್ತು ನಿಮಿಷ ಏನೂ ಬಾರದಿರಬಹುದು ಎಂಬುದು ನನಗೆ ತಿಳಿದಿರಲಿಲ್ಲ. ಹತ್ತು ನಿಮಿಷದಲ್ಲಿ ತಲೆಯನ್ನೂ ಒದ್ದೆ ಮಾಡಿಕೊಳ್ಳದೆ ಅಲೆ ಒಡೆಯುವ ಸಾಲಿನಾಚೆ ತಲಪಿದಾಗ, ನೀರಿನಲ್ಲಿ ಬೇರೆ ಯಾರೂ ಇಲ್ಲವೆಂದು ಸಂತೋಷವನ್ನೇ ಪಟ್ಟೆ. ಆಮೇಲೆ ಪಶ್ಚಿಮದ ಅಂಚು ಕಪ್ಪಾಯಿತು. ಮೊದಲ ಅಲೆ ನಾನು ಕುಳಿತಿದ್ದ ಜಾಗದಿಂದ ಮೂವತ್ತು ಮೀಟರು ಆಚೆಯೇ ಒಡೆದು ಬೋರ್ಡನ್ನು ಕೈಯಿಂದ ಕಿತ್ತುಕೊಂಡಿತು, ಎರಡನೆಯದಕ್ಕೆ ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗವಾದ ಲೀಶ್ ತುಂಡಾಯಿತು, ಮೂರನೆಯದರಲ್ಲಿ ಬಲಭುಜ ಕೀಲಿನಿಂದ ಜಾರಿತು. ನೀರು 12 ಡಿಗ್ರಿ ಇತ್ತು. ನಾನು ಹಾಕಿದ್ದು ತಲೆಗವಸಿಲ್ಲದ, ಚಳಿಗೆ ಹಾಕುವ ತೆಳ್ಳನೆಯ ರಬ್ಬರ್ ಉಡುಪಾದ ವೆಟ್‌ಸೂಟ್. ಹಣೆಗೆ ಸುತ್ತಿಗೆಯಿಂದ ಹೊಡೆದಂತಾಗಿ ಉಸಿರು ತಾನಾಗಿಯೇ ಒಳಗೆ ಎಳೆದುಕೊಳ್ಳುತ್ತಿತ್ತು, ಅದೂ ಬಾಯಿ ನೀರಿನೊಳಗಿರುವಾಗ. ದಡದ ಕಡೆ ಒಂದೇ ಕೈಯಲ್ಲಿ ಈಜಲು ಹೋಗಿ ಸೋತೆ. ದಿಬ್ಬಗಳ ನಡುವಿನ ಓಣಿಯಲ್ಲಿ ನೀರು ಹೊರಕ್ಕೆ ಹರಿಯುತ್ತಿತ್ತು, ಸೆಣಸಿದಷ್ಟೂ ಹಿಂದೆ ಹೋಗುತ್ತಿದ್ದೆ. ಕೊನೆಗೆ ಸುಮ್ಮನೆ ತೇಲಿದ್ದೇ ಉಳಿಸಿತು. ಸೆಳೆತ ಸಡಿಲವಾದ ಮೇಲೆ ತೀರಕ್ಕೆ ಸಮಾನಾಂತರವಾಗಿ ಸರಿದೆ, ನೊರೆ ಸಿಕ್ಕಿತು, ನೊರೆಯೇ ನನ್ನನ್ನು ಇಳಿದ ಜಾಗದಿಂದ ಏಳೆಂಟು ಬೀದಿ ದಕ್ಷಿಣಕ್ಕೆ ಮರಳಿನ ಮೇಲೆ ಹಾಕಿತು. ಬೋರ್ಡು ಎರಡು ತುಂಡಾಗಿ ಬೇರೆ ಬೇರೆ ಕಡೆ ಸಿಕ್ಕಿತು. ಭುಜಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅಂದು ಮಧ್ಯಾಹ್ನ ಅದೇ ಬೂಯಿ 11 ಅಡಿ, 17 ಸೆಕೆಂಡು ತೋರಿಸುತ್ತಿತ್ತು.

ನಮ್ಮ ಕರಾವಳಿಯವರಿಗೆ ಇದು ಅಪರಿಚಿತವಾಗಿರಬಾರದಿತ್ತು ಎಂಬುದೇ ನನಗೆ ಇಂದಿಗೂ ನಾಚಿಕೆಯ ವಿಷಯ. ಕೇರಳದ ಮೀನುಗಾರರು ಕಳ್ಳಕ್ಕಡಲ್ ಎನ್ನುವುದು ಇದರದೇ ದಾಯಾದಿ: ದಕ್ಷಿಣ ಮಹಾಸಾಗರದ ಬಿರುಗಾಳಿಯಿಂದ ಹೊರಟ ಉದ್ದನೆಯ ಅಲೆಗಳು, ನಮ್ಮ ತೀರದಲ್ಲಿ ಗಾಳಿಯೂ ಮಳೆಯೂ ಇಲ್ಲದ ದಿನ ಸದ್ದಿಲ್ಲದೆ ಬಂದು ದಡ ನುಗ್ಗುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅದಕ್ಕಾಗಿ ಎಚ್ಚರಿಕೆ ಹೊರಡಿಸುವಾಗ ಎತ್ತರದ ಜೊತೆಗೆ ಸೆಕೆಂಡನ್ನೂ ಹೇಳುತ್ತದೆ; ಊರಿನಲ್ಲಿದ್ದಾಗ ನಾನು ಅದನ್ನು ಓದಿ ಪಕ್ಕಕ್ಕಿಟ್ಟಿದ್ದೆ.

ಆದ್ದರಿಂದ, ಯಾವ ಆ್ಯಪ್ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಸಿರು ಗುರುತು ಅಲೆ ಚೆನ್ನಾಗಿದೆ ಎನ್ನುತ್ತದೆ. ಅದು ಯಾರಿಗೆ ಚೆನ್ನಾಗಿದೆ ಎಂದು ಹೇಳುವುದಿಲ್ಲ. ಬೂಯಿಯ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಸಾಲುಗಳನ್ನು ಮೇಲಿಂದ ಕೆಳಗೆ ಓದಿ, ಎತ್ತರಕ್ಕಿಂತ ಮೊದಲು ಸೆಕೆಂಡನ್ನು ನೋಡಿ. ಅಲ್ಲಿ ಕಂಡ ಉದ್ದನೆಯ ಅಲೆಗಳು ಸುಮಾರು ಮುಕ್ಕಾಲು ಗಂಟೆಯಲ್ಲಿ ನಿಮ್ಮ ಮುಂದೆ ಇರುತ್ತವೆ. ವೆಟ್‌ಸೂಟ್ 4/3 ಮಿಲಿಮೀಟರಿಗಿಂತ (ಮೈಗೆ 4, ಕೈಕಾಲಿಗೆ 3) ತೆಳುವಾದದ್ದು ಬೇಡ, ತಲೆಗವಸು ಇರಲಿ. ಚಳಿಗಾಲ ಕಳೆದರೆ ನೀರು ಬೆಚ್ಚಗಾಗುತ್ತದೆ ಎಂದೂ ಕಾಯಬೇಡಿ, ಏಪ್ರಿಲ್ ಮೇ ತಿಂಗಳಲ್ಲಿ ವಾಯವ್ಯದ ಗಾಳಿ ಮೇಲಿನ ನೀರನ್ನು ಹೊರಕ್ಕೆ ತಳ್ಳಿ ಆಳದ ತಣ್ಣೀರನ್ನು ಎಬ್ಬಿಸುವುದರಿಂದ ಇಲ್ಲಿ ಅತಿ ಹೆಚ್ಚು ಕೊರೆಯುವುದು ಆಗಲೇ.

ನವೆಂಬರಿನಿಂದ ಫೆಬ್ರವರಿಯವರೆಗೆ, ಮೊದಲ ವರ್ಷ, ಓಷನ್ ಬೀಚಿಗೆ ಇಳಿಯಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಹೇಡಿತನ ಎನ್ನುವವರು ಇಲ್ಲಿ ಬಹಳ ಮಂದಿ ಸಿಗುತ್ತಾರೆ. ದಕ್ಷಿಣಕ್ಕೆ ಪೆಸಿಫಿಕಾದಲ್ಲಿ ಪೆಡ್ರೋ ಪಾಯಿಂಟ್ ಗುಡ್ಡದ ಮರೆಯಲ್ಲಿರುವ ಲಿಂಡಾ ಮಾರ್ ಇದೆ, ಜನಜಂಗುಳಿ ಹೆಚ್ಚು, ಅಲೆ ಸಾಧಾರಣ, ಕಲಿಯಲು ಅದೇ ಸಾಕು. ಶನಿವಾರ ಓಷನ್ ಬೀಚನ್ನು ನೋಡಲೇಬೇಕೆಂದಿದ್ದರೆ, ಒಂದು ಫ್ಲಾಸ್ಕ್ ಕಾಫಿ ತೆಗೆದುಕೊಂಡು ಟರವಾಲ್ ಕೊನೆಯ ಮರಳ ಗುಡ್ಡದ ಮೇಲೆ ಗಡಿಯಾರ ನೋಡಿ ನಲವತ್ತು ನಿಮಿಷ ಕುಳಿತುಕೊಳ್ಳಿ. ಬೋರ್ಡು ಮನೆಯಲ್ಲೇ ಇರಲಿ, ಕಾರಿನಲ್ಲಿದ್ದರೆ ಇಳಿದುಬಿಡುತ್ತೀರಿ.