ಬೀಪ್ ಬರುತ್ತದೆ, ಸ್ಕ್ರೀನ್ ಬರಲ್ಲ: ಮೊದಲು ರ‍್ಯಾಮ್ ನೋಡಿ

ಹಳೇ ಡೆಸ್ಕ್‌ಟಾಪ್, ಫ್ಯಾನ್ ತಿರುಗುತ್ತದೆ, ಬೀಪ್ ಬೀಪ್ ಅನ್ನುತ್ತದೆ, ಸ್ಕ್ರೀನ್ ಮಾತ್ರ ಕಪ್ಪು ಅಂದ್ರೆ, ಅದು ಹೆಚ್ಚಾಗಿ ಮೆಮೊರಿ ಸ್ಟಿಕ್, ಅಂದರೆ ರ‍್ಯಾಮ್ ತೊಂದರೆ. ನಮ್ಮ ಕಲಬುರಗಿ ಬೇಸಿಗೆಯ ಧೂಳು ಒಳಗೆ ಕೂತರೆ ಹೀಗಾಗುತ್ತದೆ, ನನ್ನದಕ್ಕೂ ಆಗಿತ್ತು. ಕರೆಂಟ್ ವೈರ್ ಕಿತ್ತು ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ, ಆಮೇಲೆ ರ‍್ಯಾಮ್ ತೆಗೆದು ಅದರ ಬಂಗಾರದ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನುವವರೆಗೂ ಒತ್ತಿ ಕೂರಿಸಿ. ಎರಡಿದ್ದರೆ ಒಂದೊಂದೇ ಹಾಕಿ ನೋಡಿ. ಆಗಲೂ ಬರಲಿಲ್ಲ ಅಂದ್ರೆ ಎಲ್ಲ ಭಾಗ ಕೂರುವ ಮದರ್‌ಬೋರ್ಡಿನ ತೊಂದರೆ ಇರಬಹುದು. ಅದರ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರ್ ತಲೆ ಉಬ್ಬಿದೆಯಾ ನೋಡಿ, ಉಬ್ಬಿದ್ದರೆ ರಿಪೇರಿಗೇ ಕೊಡಬೇಕು. ಎಸ್‌ಎಂಪಿಎಸ್ (ಪವರ್ ಸಪ್ಲೈ) ಡಬ್ಬಿ ಮಾತ್ರ ದಯವಿಟ್ಟು ಬಿಚ್ಚಬೇಡಿ, ವೈರ್ ಕಿತ್ತ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ.